ಹುಳ ಎಂದರೆ ಹಾವು: 38ನೇ ವಯಸ್ಸಿನಲ್ಲಿ ಕ್ಯಾಶುವಾಲ್ಟಿಗೆ ಬಂದ ಒಬ್ಬ ನರ್ಸ್ ಪ್ರಕರಣ

ನಮ್ಮ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಎಲ್ಲರೂ ಸಿಸ್ಟರೇ. 22ರ ಹುಡುಗಿಯೂ ಸಿಸ್ಟರ್, ಇನ್‌ಚಾರ್ಜ್ ಆದ ನಾನೂ ಸಿಸ್ಟರ್. ಹುಡುಗರಾದರೆ ಬ್ರದರ್. ಒಬ್ಬರನ್ನು ಮಾತ್ರ ಮೊದಲ ದಿನದಿಂದ ‘ಅಕ್ಕ’ ಅಂದೆವು. ಪ್ರೀತಿಯಿಂದಲೇ ಅಂದದ್ದು, ಸುಳ್ಳಲ್ಲ. ಆದರೆ ಆ ಒಂದು ಕರೆಯಿಂದ ಅವರಿಗೆ ಎಷ್ಟು ನಷ್ಟವಾಗುತ್ತಿದೆ ಅನ್ನುವುದು ನನಗೆ ಗೊತ್ತಾಗಲು ಆರು ತಿಂಗಳು ಹಿಡಿಯಿತು. ಅದೂ 2024ರ ಜುಲೈನ ಒಂದು ರಾತ್ರಿ ಇನ್ನೇನು ಕೈ ಮೀರುತ್ತಿತ್ತು ಅನ್ನುವ ಹೊತ್ತಿಗೆ.

ಇದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಮನೆ, ಊರಿನ ವಿವರ ಕೊಂಚ ಬದಲಿಸಿದ್ದೇನೆ. ಆಸ್ಪತ್ರೆ ಶಿವಮೊಗ್ಗ ನಗರದ ಒಂದು ಖಾಸಗಿ ಆಸ್ಪತ್ರೆ, ಅಷ್ಟು ಸಾಕು. ಅವರನ್ನು ಇಲ್ಲಿಯೂ ಅಕ್ಕ ಎಂದೇ ಕರೆಯುತ್ತೇನೆ. ಅಭ್ಯಾಸ ಬಿಟ್ಟಿಲ್ಲ.

ಹಿನ್ನೆಲೆ

ಅಕ್ಕನದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ದನ, ಒಬ್ಬಳು ಮಗಳು. ಪಿಯುಸಿಯಲ್ಲಿ ಆರ್ಟ್ಸ್ ಓದಿ ಮದುವೆಯಾದವರು. ಆಮೇಲೆ ವರ್ಷಗಟ್ಟಲೆ ಆಶಾ ಕಾರ್ಯಕರ್ತೆಯಾಗಿದ್ದರು. ಬಸುರಿಯರನ್ನು ಕರೆದುಕೊಂಡು ಹೋಗುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಜ್ವರ ಬಂದ ಮನೆಗಳ ಲೆಕ್ಕ ಬರೆಯುವುದು ಅವರ ಕೆಲಸ.

ನರ್ಸ್ ಆಗಬೇಕು ಅನ್ನಿಸಿದ್ದು ಯಾಕೆ ಎಂದು ಒಮ್ಮೆ ಕೇಳಿದ್ದೆ. ಒಂದು ಜೀಪಿನ ಕತೆ ಹೇಳಿದರು. ತೋಟಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿದ್ದ ಪಕ್ಕದ ಮನೆಯವನನ್ನು ಜೀಪಿನ ಹಿಂದೆ ಮಲಗಿಸಿಕೊಂಡು, ತಲೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರಂತೆ. ಬಾಯಲ್ಲಿ ನೊರೆ. ಇವರು ಸೆರಗಿನಲ್ಲಿ ಒರೆಸುತ್ತ ಬಂದರು. ಆತ ಉಳಿಯಲಿಲ್ಲ. ‘ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕಿತ್ತು, ಮೇಡಂ. ಅಂಗಾತ ಮಲಗಿಸಿದ್ದೆ. ಅದು ನಂಗೆ ಗೊತ್ತಾಗಿದ್ದು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಓದೋವಾಗ’ ಅಂದರು. ಹೊರಳಿಸಿದ್ದರೆ ಉಳಿಯುತ್ತಿದ್ದನೇ? ಯಾರೂ ಹೇಳಲಾರರು. ಆದರೆ ಆ ಲೆಕ್ಕ ಅವರ ತಲೆಯಿಂದ ಇಳಿದಿಲ್ಲ.

ನಡು ವಯಸ್ಸಿನಲ್ಲಿ ಈ ದಾರಿ ಹಿಡಿಯಬೇಕೆನ್ನುವವರು ಮೊದಲು ತಿಳಿಯಬೇಕಾದ ಸಂಗತಿ ಇಲ್ಲೇ ಇದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಜಿಎನ್‌ಎಂ ಸೇರಲು 17 ತುಂಬಿರಬೇಕು, 35 ದಾಟಿರಬಾರದು. ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್) ಮುಗಿಸಿದವರಿಗೆ ಮಾತ್ರ ಈ ಮೇಲ್ಮಿತಿ ಇಲ್ಲ. ಪಿಯುಸಿ ಯಾವ ವಿಭಾಗವಾದರೂ ನಡೆಯುತ್ತದೆ, ವಿಜ್ಞಾನವೇ ಆಗಬೇಕೆಂದಿಲ್ಲ. ಶೇ 40 ಅಂಕ ಬೇಕು. ಕೋರ್ಸ್ ಮೂರು ವರ್ಷದ್ದು. ಅಕ್ಕ ಸೇರಿದ್ದು 2019ರಲ್ಲಿ, 34ನೇ ವಯಸ್ಸಿನಲ್ಲಿ. ಒಂದೂವರೆ ವರ್ಷ ತಡಮಾಡಿದ್ದರೆ ಬಾಗಿಲೇ ಮುಚ್ಚಿರುತ್ತಿತ್ತು. ನಡುವೆ ಕೋವಿಡ್ ಬಂತು, ಪರೀಕ್ಷೆಗಳು ಮುಂದೆ ಹೋದವು. ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು 2024ರ ಜನವರಿಯಲ್ಲಿ ನಮ್ಮಲ್ಲಿಗೆ ಬರುವಾಗ 38.

ಸಂದರ್ಶನದಲ್ಲಿ ಮ್ಯಾನೇಜರ್ ಒಪಿಡಿ ಕೊಡುತ್ತೇನೆ ಅಂದರು. ಕುಳಿತು ಮಾಡುವ ಕೆಲಸ, ರಾತ್ರಿ ಪಾಳಿ ಇಲ್ಲ. ಇವರು ಕ್ಯಾಶುವಾಲ್ಟಿಯೇ ಬೇಕು ಅಂದರು. ‘ನಿದ್ದೆಗೆಡೋಕೆ ಆಗುತ್ತಾ? ಕಣ್ಣೆಲ್ಲ ಸರಿ ಇದೆಯಾ?’ ಎಂದು ಮ್ಯಾನೇಜರ್ ಕೇಳಿದರು. ಅಕ್ಕ ಸರಿ ಇದೆ ಅಂದರು. ಆ ಎರಡನೇ ಪ್ರಶ್ನೆಗೆ ಕೊಟ್ಟ ಉತ್ತರ ಪೂರ್ತಿ ನಿಜವಾಗಿರಲಿಲ್ಲ.

ಮೊದಲ ಆರು ತಿಂಗಳು

ಅವರು ಬಂದ ವಾರದಲ್ಲೇ ನಮಗೆಲ್ಲ ಹಾಯೆನ್ನಿಸಿತು. ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಪೇಷಂಟ್‌ಗಿಂತ ಪೇಷಂಟ್ ಕಡೆಯವರನ್ನು ನಿಭಾಯಿಸುವುದೇ ಕಷ್ಟ. ಅಡಿಕೆ ಮರದಿಂದ ಬಿದ್ದ ಒಬ್ಬನ ಹಿಂದೆ ಹದಿನೈದು ಜನ ಬರುತ್ತಾರೆ. ಅಕ್ಕ ಆ ಹದಿನೈದು ಜನರಲ್ಲಿ ಯಾರ ಮಾತು ನಡೆಯುತ್ತದೆ ಎಂದು ಒಂದು ನೋಟದಲ್ಲಿ ಗುರುತಿಸಿ, ಅವರೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡುತ್ತಿದ್ದರು. ಗಲಾಟೆ ತಣ್ಣಗಾಗುತ್ತಿತ್ತು. ಬೇಸಿಗೆಯಲ್ಲಿ ಜ್ವರ ಅಂತ ಬಂದವರಿಗೆ ಥರ್ಮಾಮೀಟರ್ ಇಡುತ್ತಲೇ ‘ದರಗು ಗುಡಿಸೋಕೆ ಹೋಗಿದ್ರಾ? ಆ ಕಡೆ ಮಂಗ ಎಲ್ಲಾದ್ರೂ ಸತ್ತಿತ್ತಾ?’ ಎಂದು ಕೇಳುತ್ತಿದ್ದರು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ ಕ್ಯಾಸನೂರು ಕಾಡು ನಮ್ಮದೇ ಜಿಲ್ಲೆಯ ಸೊರಬದಲ್ಲಿದೆ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಆ ಜ್ವರದ ಪ್ರಶ್ನೆಯನ್ನು ಹೊರಗಿನಿಂದ ಬಂದ ಡ್ಯೂಟಿ ಡಾಕ್ಟರುಗಳಿಗೆ ನಾವು ಪ್ರತಿ ವರ್ಷ ಹೇಳಿಕೊಡಬೇಕು. ಅಕ್ಕನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾಗಿ ಏನಾಯಿತು? ರೆಡ್ ಬೆಡ್‌ಗೆ ಸೀರಿಯಸ್ ಕೇಸ್ ಬಂದಾಗೆಲ್ಲ ನಾನು ಅನ್ನುತ್ತಿದ್ದದ್ದು ಒಂದೇ ಮಾತು: ‘ಅಕ್ಕಾ, ನೀವು ಆ ಕಡೆಯವರ ಹತ್ರ ಮಾತಾಡಿ.’ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಲು ಅವರದೇ ಬ್ಯಾಚಿನ ಹುಡುಗಿ, ಔಷಧಿ ಎಳೆಯಲು ಇನ್ನೊಬ್ಬಳು, ನಿಂತ ಹೃದಯಕ್ಕೆ ಎದೆ ಒತ್ತುವ ಸಿಪಿಆರ್‌ಗೆ ಬ್ರದರ್. ಅಕ್ಕ ಪರದೆಯ ಆಚೆ. ಅಳುವವರಿಗೆ ನೀರು, ಸಹಿ ಹಾಕಿಸಿಕೊಳ್ಳಲು ಫಾರ್ಮ್, ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೋ ಮಣಿಪಾಲಕ್ಕೋ ಕಳಿಸಬೇಕಾದರೆ ಆಂಬುಲೆನ್ಸಿಗೆ ಫೋನು. ಹೊಸಬರಿಗೆ ನಾವು ಕೊಡುವ ಲಾಗ್‌ಬುಕ್‌ನಲ್ಲಿ ಹಾಕಿದ ಪ್ರತಿ ಕ್ಯಾನುಲಾ, ಮೂಗಿನಿಂದ ಹೊಟ್ಟೆಗೆ ಇಳಿಸಿದ ಪ್ರತಿ ರೈಲ್ಸ್ ಟ್ಯೂಬ್ ಬರೆಯಬೇಕು. ಆರು ತಿಂಗಳಲ್ಲಿ ಜೊತೆಯವರು ಎರಡನೇ ಪುಸ್ತಕ ಕೇಳುವಾಗ ಅಕ್ಕನ ಪುಸ್ತಕದಲ್ಲಿ ಎರಡು ಪುಟವೂ ತುಂಬಿರಲಿಲ್ಲ. ಅದನ್ನು ಪ್ರತಿ ತಿಂಗಳು ನೋಡಿ ಸಹಿ ಹಾಕುತ್ತಿದ್ದವಳು ನಾನೇ.

ಅವರೂ ಕೇಳಲಿಲ್ಲ. ಮನೆಯಲ್ಲಿ ಹತ್ತು ಜನರಿಗೆ ದಾರಿ ಹೇಳುತ್ತಿದ್ದವರು, ಮಗಳ ವಯಸ್ಸಿನವರ ಹತ್ತಿರ ಹೋಗಿ ‘ಇದು ನಂಗೆ ಬರಲ್ಲ, ತೋರಿಸಿಕೊಡು’ ಅನ್ನುವುದು ಸುಲಭವಲ್ಲ. 22ರವಳಿಗೆ ಬರುವುದಿಲ್ಲ ಅಂದರೆ ಕಲಿಯುತ್ತಿದ್ದಾಳೆ ಅನ್ನುತ್ತಾರೆ. 38ರವರಿಗೆ ಬರುವುದಿಲ್ಲ ಅಂದರೆ ಮುಖ ನೋಡುತ್ತಾರೆ.

ಆ ರಾತ್ರಿ

ನಾನು ಡ್ಯೂಟಿಯಲ್ಲಿರಲಿಲ್ಲ. ಇಲ್ಲಿರುವುದು ಕೇಸ್‌ಶೀಟಿನಿಂದ, ಬೆಳಿಗ್ಗೆ 8ರ ಹ್ಯಾಂಡೋವರಿನಿಂದ, ಆಮೇಲೆ ಇಬ್ಬರು ನರ್ಸ್‌ಗಳನ್ನೂ ಡಾಕ್ಟರನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದರಿಂದ ಜೋಡಿಸಿದ್ದು.

ಜೋರು ಮಳೆ. ರಾತ್ರಿ 9:40ಕ್ಕೆ ಹೊಸನಗರದ ಕಡೆಯಿಂದ ಓಮ್ನಿಯಲ್ಲಿ 55ರ ಆಸುಪಾಸಿನ ಒಬ್ಬರನ್ನು ಕರೆತಂದರು. ಜೊತೆಗೆ ಹೆಂಡತಿ, ತಮ್ಮ. ರೆಡ್ ಬೆಡ್‌ನಲ್ಲಿ ಬೈಕ್ ಅಪಘಾತದ ಕೇಸ್ ಇತ್ತು, ಡಾಕ್ಟರ್ ಅಲ್ಲಿದ್ದರು. ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವ ಟ್ರಯಾಜ್ ಮೇಜಿನಲ್ಲಿದ್ದ ಹುಡುಗಿ ಬಯಲುಸೀಮೆಯವಳು, ಕೆಲಸದಲ್ಲಿ ಚುರುಕು. ಏನಾಯಿತು ಎಂದು ಕೇಳಿದಳು. ಹೆಂಡತಿ ಹೇಳಿದ್ದು: ‘ಕೊಟ್ಟಿಗೆ ಹತ್ರ ಹುಳ ಮುಟ್ಟಿದೆ.’ ಹುಡುಗಿ ‘ಇನ್ಸೆಕ್ಟ್ ಬೈಟ್’ ಎಂದು ಬರೆದಳು. ಬಿಪಿ, ನಾಡಿ, ಸ್ಯಾಚುರೇಷನ್ ಎಲ್ಲ ಸರಿ ಇತ್ತು. ಹಸಿರು ಪಟ್ಟಿ ಕಟ್ಟಿ ಬೆಂಚಿನಲ್ಲಿ ಕೂರಿಸಿದಳು. ಹಸಿರು ಅಂದರೆ ಕಾಯಬಹುದು ಎಂದರ್ಥ.

ಅಕ್ಕ ಆಗ ಎಂದಿನಂತೆ ಬೈಕಿನವನ ಕಡೆಯವರನ್ನು ಸಮಾಧಾನ ಮಾಡುತ್ತಿದ್ದರು. ಒಳಗೆ ಹೋಗಲು ಬೆಂಚಿನ ಮುಂದೆ ಹಾಯ್ದಾಗ ಆ ಮನುಷ್ಯನ ಕಾಲು ಕಂಡಿತು. ಮೀನಖಂಡಕ್ಕೆ ಬಾಳೆ ಪಟ್ಟೆಯ ಬಿಗಿ ಕಟ್ಟು. ಪಾದ ಊದಿತ್ತು. ಆತ ಕರವಸ್ತ್ರಕ್ಕೆ ಉಗುಳಿದ್ದು ಕೆಂಪಗಿತ್ತು.

‘ಕವಳ ಹಾಕಿದ್ರಾ?’

‘ಇಲ್ಲ.’

‘ಎಂತ ಹುಳ? ಉದ್ದದ್ದಾ?’

ಹೆಂಡತಿ ದನಿ ತಗ್ಗಿಸಿ ‘ಉದ್ದದ್ದೇ ಅಮ್ಮ, ದಪ್ಪ ಇತ್ತು’ ಅಂದರು.

ಮಲೆನಾಡಿನ ಹಳೆಯ ಮನೆಗಳಲ್ಲಿ ಕತ್ತಲಾದ ಮೇಲೆ ಹಾವಿನ ಹೆಸರೆತ್ತುವುದಿಲ್ಲ. ಹುಳ ಅನ್ನುತ್ತಾರೆ, ಕಚ್ಚಿತು ಅನ್ನದೆ ಮುಟ್ಟಿತು ಅನ್ನುತ್ತಾರೆ. ಬಯಲುಸೀಮೆಯ ಹುಡುಗಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಉಗುಳಿನ ಕೆಂಪನ್ನು ಅವಳು ನೋಡಿದ್ದಳು, ಎಲೆಅಡಿಕೆ ಅಂದುಕೊಂಡಿದ್ದಳು. ಅದು ವಸಡಿನಿಂದ ಬರುತ್ತಿದ್ದ ರಕ್ತ.

9:52ಕ್ಕೆ ರೆಡ್ ಬೆಡ್. ಕಟ್ಟನ್ನು ಅಕ್ಕ ಸರಕ್ಕನೆ ಬಿಚ್ಚಲು ಬಿಡಲಿಲ್ಲ. ಲೈನ್ ಹಾಕಿ ಡಾಕ್ಟರ್ ಪಕ್ಕದಲ್ಲಿದ್ದಾಗ ನಿಧಾನ ಸಡಿಲಿಸಿದರು. ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆಗೆ ಇಟ್ಟರು. ಇದಕ್ಕೆ ಯಂತ್ರ ಬೇಡ. ಹೊಸ, ಒಣಗಿದ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಬಿಟ್ಟು 20 ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಒಮ್ಮೆ ಓರೆ ಮಾಡುವುದು. ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪು ಹಾಕಿ ತೊಳೆದದ್ದೂ ಆಗದು. ಓರೆ ಮಾಡಿದಾಗ ರಕ್ತ ನೀರಿನಂತೆ ಹರಿಯಿತು. ಕೊಳಕು ಮಂಡಲ ಇರಬೇಕೆಂದು ಡಾಕ್ಟರ್ ಅಂದಾಜಿಸಿ ಹಾವಿನ ವಿಷನಿರೋಧಕ ಎಎಸ್‌ವಿ 10 ವಯಲ್ (ಪುಟ್ಟ ಸೀಸೆ) ಶುರು ಮಾಡಲು ಹೇಳಿದರು.



ಎಎಸ್‌ವಿ ಪುಡಿಯಾಗಿ ಬರುತ್ತದೆ. ಒಂದೊಂದು ವಯಲ್‌ಗೂ 10 ಎಂ.ಎಲ್. ನೀರು ಹಾಕಿ ಅಂಗೈಯಲ್ಲಿ ಮೆಲ್ಲಗೆ ಹೊರಳಿಸಬೇಕು; ಕುಲುಕಿದರೆ ನೊರೆ ಬರುತ್ತದೆ. ಹತ್ತು ವಯಲ್ ಕರಗಿಸುವುದು ತಾಳ್ಮೆಯ ಕೆಲಸ, ಅದನ್ನು ಅಕ್ಕ ಚೆನ್ನಾಗಿ ಮಾಡಿದರು. ಸಲೈನಿಗೆ ಸೇರಿಸಿ ಹನಿ ಬಿಟ್ಟರು. ಸುಮಾರು ಕಾಲು ಗಂಟೆಗೆ ಪೇಷಂಟ್ ಮೈ ಕೆರೆದುಕೊಳ್ಳತೊಡಗಿದರು. ದದ್ದು, ವಾಂತಿ, ಉಬ್ಬಸ, ಬಿಪಿ ಇಳಿಮುಖ. ಕುದುರೆಯ ರಕ್ತದಿಂದ ಮಾಡುವ ಔಷಧಿ, ರಿಯಾಕ್ಷನ್ ಅಪರೂಪವಲ್ಲ. ಹನಿ ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ 0.5 ಮಿ.ಗ್ರಾಂ. ಕೊಡಬೇಕು. ಡಾಕ್ಟರ್ ಕೂಗಿ ಹೇಳಿದರು.

ಟ್ರೇ ಅಕ್ಕನ ಕೈಗೆ ಹತ್ತಿರವಿತ್ತು. ಮೊದಲ ಖಾನೆ ಅಡ್ರಿನಲಿನ್‌ನದು, ಎರಡನೆಯದು ಆಟ್ರೋಪಿನ್‌ನದು. ಎರಡೂ ಒಂದು ಎಂ.ಎಲ್.ನ ಪುಟ್ಟ ಗಾಜಿನ ಆಂಪೂಲ್. ಅಕ್ಕ ಮೊದಲ ಖಾನೆಯಿಂದ ಒಂದನ್ನು ತೆಗೆದು, ತೋಳಿನಷ್ಟು ದೂರ ಹಿಡಿದು ಒಂದು ಕ್ಷಣ ನೋಡಿ, ಕುತ್ತಿಗೆ ಮುರಿದು ಸಿರಿಂಜಿಗೆ ಎಳೆದರು. ಟ್ರಯಾಜ್ ಹುಡುಗಿ ಸಹಾಯಕ್ಕೆ ಬಂದು ನಿಂತಿದ್ದಳು. ಖಾಲಿ ಆಂಪೂಲನ್ನು ಬೆಳಕಿಗೆ ಹಿಡಿದು ಓದಿದಳು: ‘ಅಕ್ಕಾ, ನಿಲ್ಲಿ. ಇದು ಆಟ್ರೋಪಿನ್.’

ಸಿರಿಂಜ್ ಟ್ರೇಗೆ ಬಿತ್ತು. ಸರಿಯಾದದ್ದನ್ನು ಹುಡುಗಿಯೇ ಎಳೆದು ಕೊಟ್ಟಳು. ನಡುವೆ ಹೋದದ್ದು ಒಂದು ನಿಮಿಷವಿರಬಹುದು. ಆಟ್ರೋಪಿನ್ ಹೋಗಿದ್ದರೆ ಅದರಿಂದಲೇ ಜೀವಕ್ಕೆ ಕುತ್ತು ಬರುತ್ತಿರಲಿಲ್ಲ, ಆದರೆ ಅಡ್ರಿನಲಿನ್ ಹೋಗಿದೆ ಎಂದು ನಂಬಿ ಎಲ್ಲರೂ ಕಾಯುತ್ತ ನಿಂತಿರುತ್ತಿದ್ದರು. ಅಂಥ ರಿಯಾಕ್ಷನ್‌ನಲ್ಲಿ ಕಾಯುವ ನಿಮಿಷಗಳೇ ಕೊಲ್ಲುವುದು. ಬಿಪಿ ಏರಿತು, ಉಬ್ಬಸ ಇಳಿಯಿತು, ಎಎಸ್‌ವಿಯನ್ನು ನಿಧಾನಗತಿಯಲ್ಲಿ ಮತ್ತೆ ಶುರು ಮಾಡಿದರು. ಆರು ತಾಸಿನ ನಂತರ ಪರೀಕ್ಷೆ ಮರುಮಾಡಿದಾಗ ರಕ್ತ ಹೆಪ್ಪುಗಟ್ಟಿತ್ತು. ಮೂತ್ರದ ಲೆಕ್ಕ ನೋಡುತ್ತ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದೆವು. ಆ ವರ್ಷ ಫೆಬ್ರುವರಿಯಲ್ಲಷ್ಟೇ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತ್ತು. ಆ ಫಾರ್ಮನ್ನೂ ತುಂಬಿ ಕಳಿಸಿದೆವು.

ಯಾರ ತಪ್ಪು

ಬೆಳಿಗ್ಗೆ ಇನ್ಸಿಡೆಂಟ್ ರಿಪೋರ್ಟ್ ನನ್ನ ಮೇಜಿಗೆ ಬಂತು. ಬರೆದವರು ಅಕ್ಕನೇ, ತಮ್ಮ ಮೇಲೆ ತಾವೇ. ಅದು ಮ್ಯಾನೇಜರ್ ತನಕ ಹೋಗಿ ಮಧ್ಯಾಹ್ನಕ್ಕೆ ತೀರ್ಮಾನವಾಗಿತ್ತು: ‘ವಯಸ್ಸಾಯ್ತಲ್ಲ, ಒಪಿಡಿಗೆ ಹಾಕಿ.’

ಏನಾಯಿತೆಂದು ವಿಚಾರಿಸಲು ನಾನು ಎರಡು ದಿನದ ಸಮಯ ಕೇಳಿದೆ. ಚಾಳೀಸು ನಿಜವೇ. ಅಕ್ಕನ ಬ್ಯಾಗಿನಲ್ಲಿ ಪ್ಲಸ್ ಒಂದೂವರೆಯ ಕನ್ನಡಕ ಇತ್ತು, ಬ್ಯಾಗು ಲಾಕರಿನಲ್ಲಿತ್ತು. ಆರು ತಿಂಗಳು ಒಮ್ಮೆಯೂ ಡ್ಯೂಟಿಯಲ್ಲಿ ಹಾಕಿರಲಿಲ್ಲ. ಸಂದರ್ಶನದಲ್ಲಿ ಕಣ್ಣು ಸರಿ ಇದೆ ಅಂದಿದ್ದರಲ್ಲ. ಕೇಸ್‌ಶೀಟ್ ಓದಲು ಕಿಟಕಿ ಹತ್ತಿರ ಹೋಗುತ್ತಿದ್ದರು, ನಾವು ಗಾಳಿಗೆ ಹೋಗುತ್ತಾರೆ ಅಂದುಕೊಂಡಿದ್ದೆವು. ನಲವತ್ತರ ಸುಮಾರಿಗೆ ಹತ್ತಿರದ ಅಕ್ಷರ ಮಂಜಾಗುವುದು ಎಲ್ಲರಿಗೂ ಬರುವಂಥದ್ದು. ಅದನ್ನು ಮುಚ್ಚಿಡಬೇಕು ಅನ್ನಿಸುವ ಜಾಗ ಮಾಡಿಟ್ಟದ್ದು ನಾವು.

ಆದರೆ ಆಟ್ರೋಪಿನ್ ಅಡ್ರಿನಲಿನ್‌ನ ಖಾನೆಗೆ ತಾನಾಗಿ ನಡೆದು ಹೋಗಿರಲಿಲ್ಲ. ಮಧ್ಯಾಹ್ನದ ಪಾಳಿಯಲ್ಲಿ ಟ್ರೇ ತುಂಬಿಸಿದ್ದು 23ರ, ಕಣ್ಣು ಚೆನ್ನಾಗಿರುವ ಒಬ್ಬ ಹುಡುಗ. ಪಾಳಿ ಬದಲಾಗುವಾಗ ಟ್ರೇ ಎಣಿಸುತ್ತಿದ್ದೆವೇ ಹೊರತು ಓದುತ್ತಿರಲಿಲ್ಲ. ಔಷಧಿ ಎಳೆಯುವವರು ಹೆಸರನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೌದೆನ್ನಬೇಕು ಎಂಬ ನಿಯಮ ಗೋಡೆಯ ಮೇಲಿತ್ತು, ಬಾಯಲ್ಲಿರಲಿಲ್ಲ. ಇನ್ನು ಹಾವು ಕಚ್ಚಿದವರನ್ನು 12 ನಿಮಿಷ ಬೆಂಚಿನಲ್ಲಿ ಕೂರಿಸಿದ್ದಕ್ಕೆ ಯಾರೂ ರಿಪೋರ್ಟ್ ಬರೆದಿರಲಿಲ್ಲ. ಅದು ವಯಸ್ಸಿನ ಲೆಕ್ಕಕ್ಕೆ ಹೋಗಲಿಲ್ಲ, ‘ಭಾಷೆ ಗೊತ್ತಾಗಲಿಲ್ಲ ಪಾಪ’ ಅನ್ನುವ ಲೆಕ್ಕಕ್ಕೆ ಹೋಯಿತು. ಒಂದೇ ರಾತ್ರಿ, ಒಂದೇ ಪೇಷಂಟ್, ಎರಡು ತಪ್ಪು. ಒಂದಕ್ಕೆ ವರ್ಗಾವಣೆ, ಇನ್ನೊಂದಕ್ಕೆ ಪಾಪ.

ಮತ್ತೆ ನನ್ನದು. ಆರು ತಿಂಗಳಲ್ಲಿ ಅಕ್ಕ ತುರ್ತಿನಲ್ಲಿ ಅಡ್ರಿನಲಿನ್ ಎಳೆದದ್ದು ಅದೇ ಮೊದಲ ಸಲ. ಆ ಹುಡುಗಿ ಹತ್ತಾರು ಸಲ ಎಳೆದಿದ್ದಳು. ಕೈಗೆ ರೂಢಿಯಿದ್ದವರು ಖಾನೆ ನೋಡುವುದಿಲ್ಲ, ಆಂಪೂಲ್ ನೋಡುತ್ತಾರೆ. ರೂಢಿ ತಪ್ಪಿಸಿದ್ದು ನನ್ನ ‘ಆ ಕಡೆಯವರ ಹತ್ರ ಮಾತಾಡಿ’.

ಅಕ್ಕನಿಗೆ ಆ ರೂಢಿ ಮಾಡಿಸಲು ಮ್ಯಾನೇಜರ್ ಹತ್ತಿರ ಎಂಟು ವಾರದ ಸಮಯ ಕೇಳಿಕೊಂಡೆ.

ಎಂಟು ವಾರ

ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು. ಮೊದಲ ದಿನ ಹುಡುಗರು ‘ಟೀಚರಮ್ಮ’ ಅಂದರು, ಎರಡನೇ ದಿನ ಮರೆತರು. ಅಕ್ಕ ರೆಡ್ ಬೆಡ್ ಬಿಟ್ಟು ಕದಲಬಾರದು, ಪೇಷಂಟ್ ಕಡೆಯವರನ್ನು ಉಳಿದವರು ಸರದಿಯಂತೆ ನೋಡಿಕೊಳ್ಳಬೇಕು ಎಂದು ಮಾಡಿದೆ. ಗೊಣಗಾಟ ಬಂತು. ಬಂದದ್ದು ಹುಡುಗರಿಂದ.

ಕ್ಯಾನುಲಾ ಬೇಗ ಕೈಗೆ ಹತ್ತಿತು. ತೋಟದ ಕೆಲಸದವರ ಮುಂಗೈ ಚರ್ಮ ಒರಟು, ಸೂಜಿ ಒಮ್ಮೆಲೇ ಜಾರಿ ನರದಾಚೆ ಹೋಗುತ್ತದೆ. ಅಕ್ಕ ಆ ಕೈಯನ್ನು ಹಿಡಿಯುವ ಬಗೆಯೇ ಬೇರೆ. ಹನಿಯ ಲೆಕ್ಕ ಅವರಿಗೆ ನೀರು ಕುಡಿದಷ್ಟು ಸಲೀಸು: 500 ಎಂ.ಎಲ್., ನಾಲ್ಕು ಗಂಟೆ, ಎಂ.ಎಲ್.ಗೆ 20 ಹನಿಯ ಸೆಟ್ಟು ಅಂದರೆ ನಿಮಿಷಕ್ಕೆ 42. ಹುಡುಗರು ಮೊಬೈಲ್ ತೆಗೆಯುವಷ್ಟರಲ್ಲಿ ಹೇಳುತ್ತಿದ್ದರು. ಸ್ವಸಹಾಯ ಸಂಘದ ಬಡ್ಡಿ ಲೆಕ್ಕ ಬರೆದ ತಲೆ.

ತೊಡಕಾದದ್ದು ನಾನು ಎಣಿಸದೇ ಇದ್ದ ಕಡೆ. ಸಿಪಿಆರ್‌ನಲ್ಲಿ ಮಂಡಿ ನೋವು ಬರುತ್ತದೆ, ಉಸಿರು ಕಟ್ಟುತ್ತದೆ ಅಂದುಕೊಂಡಿದ್ದೆ. ಬೊಂಬೆಯ ಮೇಲೆ ಮಾಡಿಸಿದರೆ ಒತ್ತುವ ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120, ಎರಡೂ ಸರಿಯಾಗಿ ಬಂದವು. ಬಾರದೇ ಇದ್ದದ್ದು ಬಿಡುವುದು. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ಇಲ್ಲದಿದ್ದರೆ ಗೊತ್ತಿಲ್ಲದೆ ಆಳ ಕಡಿಮೆಯಾಗುತ್ತದೆ. ‘ಬದಲಿ’ ಎಂದು ಕೂಗಿದರೂ ಅಕ್ಕ ಬಿಡುವುದಿಲ್ಲ. ‘ನಂಗೇನೂ ಸುಸ್ತಾಗಿಲ್ಲ’ ಅನ್ನುತ್ತಾರೆ. ಇಪ್ಪತ್ತು ವರ್ಷ ಕೈಗೆ ಬಂದ ಕೆಲಸವನ್ನು ಮುಗಿಸದೆ ಇನ್ನೊಬ್ಬರಿಗೆ ಕೊಟ್ಟು ಗೊತ್ತಿಲ್ಲದವರು. ನಾಲ್ಕನೇ ವಾರದಲ್ಲಿ ಆ ಬಯಲುಸೀಮೆಯ ಹುಡುಗಿ ಅವರ ಭುಜ ಹಿಡಿದು ಎಬ್ಬಿಸಿದಳು. ಆಮೇಲೆ ಅವಳ ದನಿ ಕೇಳಿದರೆ ಮಾತ್ರ ಏಳುತ್ತಾರೆ. ಇವತ್ತಿಗೂ ಹಾಗೆಯೇ.

ಈಗ

ಒಪಿಡಿಯ ಮಾತು ನಿಂತಿದೆ. ಅಕ್ಕ ಶಿವಮೊಗ್ಗದಲ್ಲೇ ಒಂದು ರೂಮು ಮಾಡಿಕೊಂಡಿದ್ದಾರೆ, ವಾರದ ರಜೆಗೆ ಊರಿನ ಬಸ್ಸು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಜೆಯ ಜಗಳ ಪ್ರತಿ ವರ್ಷ ಆಗುತ್ತದೆ. ನಾನು ಕೊಡುವುದಿಲ್ಲ, ಅವರು ಬೇರೆಯವರ ರಾತ್ರಿ ಪಾಳಿಗಳನ್ನೆಲ್ಲ ಕೊಂಡು ಹಗಲು ಉಳಿಸಿಕೊಳ್ಳುತ್ತಾರೆ. ಸಂಬಳದ ಬಗ್ಗೆ ಹೇಳುವಂಥದ್ದೇನಿಲ್ಲ. ಸರ್ಕಾರಿ ನರ್ಸಿಂಗ್ ಆಫೀಸರ್ ಹುದ್ದೆ ಅವರ ಪಾಲಿಗೆ ಹೆಚ್ಚುಕಡಿಮೆ ದಾಟಿಹೋದ ಬಸ್ಸು: ರಾಜ್ಯದ ನೇಮಕಾತಿಯಲ್ಲಿ ಸಾಮಾನ್ಯವಾಗಿ ಗರಿಷ್ಠ ವಯಸ್ಸು 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ 40. ಆಗಾಗ ಸಡಿಲಿಕೆ ಕೊಡುವುದುಂಟು, ಅದನ್ನು ನಂಬಿ ಓದಲು ಹೊರಡುವವರಿಗೆ ನಾನು ಈ ಅಂಕಿಗಳನ್ನು ಮೊದಲೇ ಹೇಳಿಬಿಡುತ್ತೇನೆ.

ಪಾಳಿ ಬದಲಾಗುವಾಗ ಟ್ರೇ ಓದುವ ಕೆಲಸ ಈಗ ಇಬ್ಬರದು. ಒಬ್ಬರು ಆಂಪೂಲ್ ಎತ್ತಿ ಹೆಸರು ಓದಬೇಕು, ಇನ್ನೊಬ್ಬರು ಹೌದೆನ್ನಬೇಕು. ಟ್ರೇ ಮೇಲೊಂದು ಪುಟ್ಟ ದೀಪ ಹಾಕಿಸಿದ್ದೇವೆ. ಅದರ ಬೆಳಕಿಗೆ ನಾನೂ ಬಾಗುತ್ತೇನೆ, ನನಗೂ ಶುರುವಾಗಿದೆ.

ಟ್ರಯಾಜ್ ಮೇಜಿನ ಗಾಜಿನ ಕೆಳಗೆ ಒಂದು ಹಾಳೆ ಇದೆ. ಹೊರಗಿನಿಂದ ಬರುವ ನರ್ಸ್, ಡಾಕ್ಟರುಗಳಿಗಾಗಿ ಅಕ್ಕ ಮತ್ತು ಆ ಹುಡುಗಿ ಸೇರಿ ಬರೆದದ್ದು. ‘ಹುಳ ಮುಟ್ಟಿದೆ: ಹಾವು, ಕೆಂಪು ಪಟ್ಟಿ.’ ‘ಗ್ಯಾಸ್ ಆಗಿದೆ: ಹಾರ್ಟ್ ಅಟ್ಯಾಕ್ ಇರಬಹುದು, ಮೊದಲು ಇಸಿಜಿ, 10 ನಿಮಿಷದೊಳಗೆ.’ ‘ಉಣುಗು ಕಚ್ಚಿದೆ, ಜ್ವರ: ಮಂಗನ ಕಾಯಿಲೆ ಕೇಳಿ.’ ‘ಔಷಧಿ ಹೊಡೆಯೋಕೆ ಹೋಗಿದ್ರು: ಬಟ್ಟೆ ಬಿಚ್ಚಿ, ಮೈ ತೊಳೆಸಿ, ಕಣ್ಣಿನ ಪಾಪೆ ನೋಡಿ.’ ಅಕ್ಷರ ಅಕ್ಕನದು, ಚಾಳೀಸಿನವರಿಗೂ ಕಾಣುವಷ್ಟು ದೊಡ್ಡದು. ಕೊನೆಯ ಸಾಲು ಮಾತ್ರ ಹುಡುಗಿಯದು, ಪೆನ್ಸಿಲಿನಲ್ಲಿ: ‘ಉಗುಳು ಕೆಂಪಗಿದ್ದರೆ ಕವಳ ಹಾಕಿದ್ದಾರಾ ಕೇಳಿ.’